ಭುಜನೋವಿನ ಅಪವಾದ ಬೆಂಚ್ ಪ್ರೆಸ್ ಮೇಲೇಕೆ?

ಭುಜ ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದ ಜಿಮ್ ಹುಡುಗನಿಗೆ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: “ಬೆಂಚ್ ಪ್ರೆಸ್ ಬಿಟ್ಟುಬಿಡಿ.” ಅದೇ ಹುಡುಗ ಜಿಮ್ಮಿಗೆ ಮರಳಿದರೆ ಅಲ್ಲಿನ ಹಳಬರು ಹೇಳುವುದು ಬೇರೆ: “ನಿನ್ ಫಾರ್ಮ್ ಸರಿ ಇಲ್ಲ ಮಗಾ. ಫಾರ್ಮ್ ಸರಿ ಇದ್ರೆ ಏನೂ ಆಗಲ್ಲ.” ಒಬ್ಬರು ವ್ಯಾಯಾಮವನ್ನು ದೂರುತ್ತಾರೆ, ಇನ್ನೊಬ್ಬರು ಮಾಡಿದವನನ್ನು. ಕಳೆದ ಎರಡು ಮೂರು ತಿಂಗಳಲ್ಲಿ ಈ ಭುಜದ ಮೇಲೆ ಎಷ್ಟು ಭಾರ ಬಿತ್ತು, ಅದು ಎಷ್ಟು ಬೇಗ ಏರಿತು ಎಂದು ಮಾತ್ರ ಇಬ್ಬರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಈ ಕೇಳದ ಪ್ರಶ್ನೆಯ ಬಗ್ಗೆ. ಬೆಂಚ್ ಪ್ರೆಸ್ ಬಹುಪಾಲು ಜನರ ಭುಜಕ್ಕೆ ಶತ್ರುವಲ್ಲ. ಒಳ್ಳೆಯ ಫಾರ್ಮ್ ಬೇಕು, ಆದರೆ ಅದೊಂದೇ ಭುಜವನ್ನು ಕಾಯಲಾರದು. ಭುಜ ಕೆಡುವುದು ಹೆಚ್ಚಾಗಿ ಲೆಕ್ಕ ತಪ್ಪಿ ಏರಿಸಿದ ಭಾರದಿಂದ.

ಮೊದಲು ಕ್ಲಿನಿಕ್ಕಿನ ಮಾತು. ಅದರ ಹಿಂದೆ ಒಂದು ಹಳೆಯ ಕಲ್ಪನೆಯಿದೆ: ತೋಳೆತ್ತಿದಾಗಲೆಲ್ಲ ಹೆಗಲ ತುದಿಯಲ್ಲಿ ಚಾಚಿಕೊಂಡಿರುವ ಮೂಳೆ ತನ್ನ ಕೆಳಗಿನ ಸ್ನಾಯುರಜ್ಜುವನ್ನು ಉಜ್ಜುತ್ತದೆ, ಉಜ್ಜಿ ಉಜ್ಜಿ ಸವೆಸುತ್ತದೆ. ಅಮೆರಿಕದ ಮೂಳೆ ಶಸ್ತ್ರವೈದ್ಯ ಚಾರ್ಲ್ಸ್ ನೀರ್ 1972ರಲ್ಲಿ ಬರೆದ ಪ್ರಬಂಧದಿಂದ ಇದು ವೈದ್ಯಲೋಕದ ನಂಬಿಕೆಯಾಗಿ ಬೇರೂರಿತು. ‘ಇಂಪಿಂಜ್‌ಮೆಂಟ್’ ಎಂಬ ಮಾತು ಫಿಸಿಯೋಥೆರಪಿಸ್ಟ್‌ಗಳ ಬಾಯಿಂದ ಜಿಮ್ ಟ್ರೈನರ್‌ಗಳ ಬಾಯಿಗೂ ಇಳಿಯಿತು. ಮೂಳೆ ಉಜ್ಜುವುದೇ ತೊಂದರೆಯಾದರೆ ಮೂಳೆಯನ್ನು ಕೆತ್ತಿ ಜಾಗ ಮಾಡಿಕೊಡುವುದೇ ಪರಿಹಾರ ಎಂದು ಅಸಂಖ್ಯ ಶಸ್ತ್ರಚಿಕಿತ್ಸೆಗಳು ನಡೆದವು.

ಆ ಕಲ್ಪನೆ ಈಗ ಗಟ್ಟಿಯಾಗಿ ನಿಂತಿಲ್ಲ. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ಭುಜನೋವಿನ ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಮೂಳೆ ಕೆತ್ತುವ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಕೊಳವೆ ತೂರಿಸಿ ಒಳಗೆ ನೋಡಿ ಏನನ್ನೂ ಕೆತ್ತದೆ ಹೊಲಿಗೆ ಹಾಕುವ ತೋರಿಕೆಯ ಶಸ್ತ್ರಚಿಕಿತ್ಸೆ, ಮೂರನೆಯದಕ್ಕೆ ಏನೂ ಇಲ್ಲ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು: ಮೂಳೆ ಕೆತ್ತಿಸಿಕೊಂಡವರೂ ಸುಮ್ಮನೆ ಹೊಲಿಗೆ ಹಾಕಿಸಿಕೊಂಡವರೂ ಒಂದೇ ಮಟ್ಟಿಗೆ ಸುಧಾರಿಸಿದ್ದರು. ಫಿನ್‌ಲೆಂಡಿನಲ್ಲಿ ನಡೆದ ಇಂಥದೇ ಪರೀಕ್ಷೆಯ ಫಲಿತಾಂಶವೂ ಅದೇ ವರ್ಷ ಹೊರಬಂತು, ಹೆಚ್ಚು ವ್ಯತ್ಯಾಸವಿರಲಿಲ್ಲ. ಮರುವರ್ಷ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಕೂಡಿಸಿದ ತಜ್ಞರ ಮಂಡಳಿ ಈ ಶಸ್ತ್ರಚಿಕಿತ್ಸೆ ಬೇಡ ಎಂದೇ ಶಿಫಾರಸು ಮಾಡಿತು.

ಆ ರೋಗಿಗಳು ಬೆಂಚ್ ಪ್ರೆಸ್ ಮಾಡುವವರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು, ಅದು ನ್ಯಾಯವೇ. ನಾನು ಅಲ್ಲಿಂದ ತೆಗೆದುಕೊಳ್ಳುವುದು ಒಂದೇ ಅಂಶ. ಉಜ್ಜುವ ಮೂಳೆಯನ್ನು ತೆಗೆದರೂ ಫಲಿತಾಂಶ ಬದಲಾಗದಿದ್ದರೆ, ಉಜ್ಜುವಿಕೆಯೇ ನೋವಿನ ಮೂಲ ಎಂಬ ಆಧಾರದ ಮೇಲೆ ಒಂದು ವ್ಯಾಯಾಮವನ್ನು ಜನ್ಮಪೂರ್ತಿ ನಿಷೇಧಿಸುವುದು ಸರಿಯಲ್ಲ. ನೋವು ನಿಜ. ಆ ನೋವಿಗೆ ನಾವು ಕೊಡುತ್ತಿರುವ ಕಾರಣ ಸಡಿಲವಾಗಿದೆ.

ಭುಜದ ರಚನೆ ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ತೋಳಿನ ಮೂಳೆಯ ಗುಂಡು ತಲೆ ದೊಡ್ಡದು, ಅದು ಕೂರುವ ಬಟ್ಟಲು ತೀರ ಚಿಕ್ಕದು, ಆಳವೂ ಇಲ್ಲ. ಶಾಲೆಯ ಓಟದಲ್ಲಿ ಚಮಚದ ಮೇಲೆ ಕೂತ ನಿಂಬೆಹಣ್ಣಿನ ಹಾಗೆ. ಬೀಳದಂತೆ ಹಿಡಿದಿಡುವುದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು, ರೊಟೇಟರ್ ಕಫ್ ಎನ್ನುವುದು ಅವನ್ನೇ. ಎದೆಯ ದೊಡ್ಡ ಸ್ನಾಯು ಕೆಲವೇ ತಿಂಗಳಲ್ಲಿ ಉಬ್ಬಿ ಬಲವಾಗುತ್ತದೆ. ಸ್ನಾಯುರಜ್ಜುಗಳು ಮತ್ತು ಕೊರಳೆಲುಬಿನ ತುದಿಯ ಕೀಲು ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಈ ಎರಡು ವೇಗಗಳ ನಡುವಿನ ಅಂತರದಲ್ಲೇ ಹೆಚ್ಚಿನ ಭುಜಗಳು ನೋಯತೊಡಗುವುದು. ಎದೆ 80 ಕೆಜಿಗೆ ಸಿದ್ಧವಾಗಿರುತ್ತದೆ, ರಜ್ಜು ಇನ್ನೂ 60ರಲ್ಲೇ ಇರುತ್ತದೆ.

ಹಾಗೆಂದು ಜಿಮ್ಮಿನ ಮಾತನ್ನು ನಾನು ಒಪ್ಪಿದೆ ಎಂದುಕೊಳ್ಳಬೇಡಿ. ನಮ್ಮ ಜಿಮ್‌ಗಳಲ್ಲಿ ‘ಸರಿಯಾದ ಫಾರ್ಮ್’ ಎಂದು ಕಲಿಸುವುದರಲ್ಲಿ ಅರ್ಧದಷ್ಟು ಭುಜಕ್ಕೆ ವಿರುದ್ಧವಾಗಿಯೇ ಇದೆ.

ಮೊಣಕೈಗಳನ್ನು ಪೂರ್ತಿ ಅಗಲಿಸಿ, ಬಾರನ್ನು ಕೊರಳೆಲುಬಿನ ಹತ್ತಿರ ಇಳಿಸಿದರೆ ‘ಚೆಸ್ಟ್ ಚೆನ್ನಾಗಿ ಓಪನ್ ಆಗುತ್ತೆ’ ಎಂಬುದು ಅದರಲ್ಲಿ ಮೊದಲನೆಯದು. ಇದರ ಮೂಲ ದೇಹದಾರ್ಢ್ಯ ಪ್ರದರ್ಶನದ ಲೋಕದಲ್ಲಿದೆ. ನಾರ್ತ್ ಹಾಲಿವುಡ್‌ನಲ್ಲಿ ಜಿಮ್ ನಡೆಸುತ್ತಿದ್ದ ವಿನ್ಸ್ ಜಿರೊಂಡಾ ಬಾರನ್ನು ಕುತ್ತಿಗೆಗೇ ಇಳಿಸುವ ಪ್ರೆಸ್ ಅನ್ನು ಪ್ರಚಾರ ಮಾಡಿದರು. 1965ರ ಮೊದಲ ಮಿಸ್ಟರ್ ಒಲಿಂಪಿಯಾ ಲ್ಯಾರಿ ಸ್ಕಾಟ್ ಅವರ ಶಿಷ್ಯ. ಆ ಪ್ರೆಸ್ ಹಗುರ ಭಾರದಲ್ಲಿ ಎದೆಯ ಒಂದು ಭಾಗವನ್ನು ತಿದ್ದಲು ಪರಿಣತರು ಮಾಡುತ್ತಿದ್ದ ಕೆಲಸ. ನಾವು ಅದನ್ನು ತಂದು ಮೊದಲ ತಿಂಗಳ ಹುಡುಗನಿಗೆ, ಅವನು ಎತ್ತಬಲ್ಲ ಗರಿಷ್ಠ ಭಾರದೊಂದಿಗೆ ಕೊಟ್ಟೆವು. ತೋಳು ದೇಹಕ್ಕೆ ಲಂಬವಾಗಿ ನಿಂತು, ಭಾರ ಕೆಳಗಿಳಿದು, ಮೊಣಕೈ ಬೆಂಚಿನ ಮಟ್ಟಕ್ಕಿಂತ ಕೆಳಗೆ ಹೋದಾಗ ಗುಂಡುಮೂಳೆ ಮುಂದಕ್ಕೆ ನೂಕಲ್ಪಡುತ್ತದೆ. ಭುಜದ ಮುಂಭಾಗದ ಪದರಗಳಿಗೆ ಅಲ್ಲಿ ಬಿಡುವೇ ಇಲ್ಲ.

ಇದಕ್ಕೆ ಪ್ರತಿಯಾಗಿ ಬಂದ ಇನ್ನೊಂದು ಅತಿರೇಕ, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಳ್ಳಿ ಎಂಬುದು. ಆಗ ಬಾರ್ ಹೊಟ್ಟೆಯ ಕಡೆ ಜಾರುತ್ತದೆ, ಭಾರ ಭುಜದಿಂದ ದೂರ ಹೋಗುತ್ತದೆ, ಭುಜ ಇನ್ನೂ ಹೆಚ್ಚು ತಿರುಗುಬಲ ಹೊರಬೇಕಾಗುತ್ತದೆ. ಇವೆರಡರ ನಡುವೆ, ಕಂಕುಳಲ್ಲಿ ಸುಮಾರು 45ರಿಂದ 70 ಡಿಗ್ರಿ ಕೋನ ಉಳಿಯುವಂತೆ, ಬಾರ್ ಎದೆತೊಟ್ಟಿನ ಗೆರೆಗೆ ಅಥವಾ ಅದಕ್ಕಿಂತ ತುಸು ಕೆಳಗೆ ತಾಗುವಂತೆ ಇಳಿಸಿದರೆ ಹೆಚ್ಚಿನವರಿಗೆ ಹಿತ. ಎತ್ತುವಾಗ ಬಾರ್ ನೇರ ಮೇಲೆ ಹೋಗಬೇಕು ಎನ್ನುವವರೂ ಇದ್ದಾರೆ. ನುರಿತ ಲಿಫ್ಟರ್‌ಗಳ ಬಾರ್ ಹಾಗೆ ಹೋಗುವುದಿಲ್ಲ. ಎದೆಯಿಂದ ಹೊರಟು ಹಿಂದಕ್ಕೆ, ಮುಖದ ಕಡೆಗೆ ವಾಲುತ್ತಾ ಏರಿ ಭುಜದ ಕೀಲಿನ ನೆತ್ತಿಯ ಮೇಲೆ ನಿಲ್ಲುತ್ತದೆ. ಬಾಗಿದ ದಾರಿಯೇ ಇಲ್ಲಿ ಸಹಜ.

ಹಿಡಿತದ ಅಗಲದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ಆಗುವ ಹಾನಿ ಕಣ್ಣಿಗೆ ಬೀಳುವುದಿಲ್ಲ. ಬಾರಿನ ಒರಟು ಭಾಗದಲ್ಲಿ ನಯವಾದ ಉಂಗುರದಂಥ ಗೆರೆ ಇರುತ್ತದಲ್ಲ, ಅದರ ಮೇಲೆ ಬೆರಳಿಡಬೇಕು ಎಂದು ಎಲ್ಲರಿಗೂ ಒಂದೇ ಪಾಠ ಹೇಳುತ್ತಾರೆ. ಪವರ್‌ಲಿಫ್ಟಿಂಗ್ ಬಾರಿನಲ್ಲಿ ಆ ಎರಡು ಗೆರೆಗಳ ನಡುವೆ 81 ಸೆಂ.ಮೀ. ಇರುತ್ತದೆ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮದಂತೆ ತೋರುಬೆರಳುಗಳ ನಡುವೆ ಇರಬಹುದಾದ ಗರಿಷ್ಠ ಅಗಲ ಅದು. ಮೈತೂಕ 120 ಕೆಜಿ ಮೀರಿದ ದೈತ್ಯನೂ ಅದನ್ನು ದಾಟುವಂತಿಲ್ಲ ಎಂದು ಹಾಕಿದ ಬೇಲಿಯನ್ನು ನಾವು ಎಲ್ಲರೂ ಹಿಡಿಯಬೇಕಾದ ಜಾಗ ಎಂದು ಓದಿಕೊಂಡಿದ್ದೇವೆ. ಕೆಲವು ಬಾರುಗಳಲ್ಲಿ ಗೆರೆ ಇರುವುದು ವೇಟ್‌ಲಿಫ್ಟಿಂಗ್ ಲೆಕ್ಕಕ್ಕೆ, 91 ಸೆಂ.ಮೀ. ಅಂತರದಲ್ಲಿ. ಅದನ್ನು ನೋಡಿ ಹಿಡಿದರಂತೂ ಮುಗಿಯಿತು. ಎರಡು ಹೆಗಲ ತುದಿಗಳ ನಡುವಿನ ಅಗಲ 40 ಸೆಂ.ಮೀ. ಇರುವ ಒಬ್ಬ ಸಾಧಾರಣ ಗಂಡಸನ್ನು ತೆಗೆದುಕೊಳ್ಳಿ. ಅದರ ಒಂದೂವರೆ ಪಟ್ಟು 60 ಸೆಂ.ಮೀ. ಅವನು ಗೆರೆಯ ಮೇಲೆ ತೋರುಬೆರಳಿಟ್ಟರೆ ಹೆಗಲಿನ ಎರಡು ಪಟ್ಟು ಅಗಲ ಹಿಡಿದಂತಾಯಿತು. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಅನುಭವಿ ಲಿಫ್ಟರ್‌ಗಳಿಂದ ಬೇರೆ ಬೇರೆ ಹಿಡಿತ, ಬೇರೆ ಬೇರೆ ಮೊಣಕೈ ಕೋನಗಳಲ್ಲಿ ಬೆಂಚ್ ಮಾಡಿಸಿ, ಕೀಲಿನೊಳಗಿನ ಬಲಗಳನ್ನು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿ 2024ರಲ್ಲಿ ಪ್ರಕಟಿಸಿದರು. ಹಿಡಿತ ಒಂದೂವರೆ ಪಟ್ಟಿನೊಳಗಿದ್ದಾಗ ಕೊರಳೆಲುಬಿನ ತುದಿಯ ಕೀಲಿನ ಮೇಲಿನ ಒತ್ತಡ ಕಡಿಮೆ ಎಂದು ಅವರಿಗೆ ಕಂಡಿತು. ಅವರ ಮಾದರಿಗೆ ಒಳಪಟ್ಟವರು ಹತ್ತೇ ಜನ, ಅದನ್ನು ಮರೆಯಬಾರದು. ಆದರೆ ಮೂಳೆ ವೈದ್ಯರು 1980ರ ದಶಕದಿಂದಲೂ ಕಾಣುತ್ತಿರುವುದಕ್ಕೆ ಇದು ಹೊಂದುತ್ತದೆ. ಕೊರಳೆಲುಬಿನ ಹೊರತುದಿ ಕರಗತೊಡಗುವ ಒಂದು ಕಾಯಿಲೆಗೆ ‘ವೇಟ್‌ಲಿಫ್ಟರ್ ಭುಜ’ ಎಂಬ ಹೆಸರೇ ಬಿದ್ದಿದೆ, ಅದಕ್ಕೆ ಮತ್ತೆ ಮತ್ತೆ ಹೊಣೆಯಾಗುವುದು ಬೆಂಚ್.

ನಿಮ್ಮ ಅಗಲ ಕಂಡುಕೊಳ್ಳಲು ಟೇಪು ಬೇಕಿಲ್ಲ. ಖಾಲಿ ಬಾರನ್ನು ಎದೆಗೆ ಇಳಿಸಿ ನಿಲ್ಲಿಸಿ, ಕಾಲಿನ ಕಡೆಯಿಂದ ಯಾರಾದರೂ ನೋಡಲಿ. ಮಣಿಕಟ್ಟಿನಿಂದ ಮೊಣಕೈವರೆಗಿನ ಭಾಗ ನೆಟ್ಟಗೆ ನಿಂತಿದ್ದರೆ ಅದೇ ನಿಮ್ಮ ಹಿಡಿತ.

ಎರಡನೆಯ ತಪ್ಪು ನಂಬಿಕೆ: ಬೆನ್ನು ಎತ್ತಿದರೆ ಮೋಸ. ಬೆಂಚಿಗೆ ಬೆನ್ನು ಪೂರ್ತಿ ಅಂಟಿರಬೇಕು, ಕೆಲವರ ಪ್ರಕಾರ ಕಾಲನ್ನೂ ಬೆಂಚಿನ ಮೇಲಿಡಬೇಕು, ಆಗಲೇ ‘ಪ್ಯೂರ್ ಚೆಸ್ಟ್’. ಸ್ಪರ್ಧೆಯಲ್ಲಿ ಕೆಲವರು ಬೆನ್ನನ್ನು ಕಮಾನಿನಂತೆ ಬಾಗಿಸಿ ಬಾರ್ ನಾಲ್ಕು ಬೆರಳಷ್ಟೂ ಚಲಿಸದಂತೆ ಮಾಡುತ್ತಿದ್ದರು, ನಿಜ. ಅದನ್ನು ತಡೆಯಲೆಂದೇ 2023ರಿಂದ ಅಂತರರಾಷ್ಟ್ರೀಯ ಒಕ್ಕೂಟ ಮೊಣಕೈಯ ತಳ ಭುಜದ ಮೇಲ್ಮಟ್ಟಕ್ಕಾದರೂ ಇಳಿಯಲೇಬೇಕು ಎಂಬ ನಿಯಮ ತಂದಿತು. ಆ ಅತಿಯನ್ನು ನೋಡಿ ಸಣ್ಣ ಕಮಾನನ್ನೂ ಅಪರಾಧ ಮಾಡಿದ್ದು ಅನ್ಯಾಯ. ಬೆನ್ನಿನ ರೆಕ್ಕೆ ಮೂಳೆಗಳನ್ನು ಹಿಂದಕ್ಕೆಳೆದು, ಸೊಂಟದ ಕಡೆಗೆ ತಗ್ಗಿಸಿ, ಬೆಂಚಿಗೆ ಒತ್ತಿ ಮಲಗಿದರೆ ಎದೆ ತಾನಾಗಿ ಏರುತ್ತದೆ, ಸೊಂಟದ ಕೆಳಗೆ ಅಂಗೈ ತೂರುವಷ್ಟು ಜಾಗ ಉಂಟಾಗುತ್ತದೆ. ಕಮಾನು ಬರುವುದು ಹೀಗೆ, ರೆಕ್ಕೆ ಮೂಳೆಗಳು ಸರಿಯಾಗಿ ಕೂತದ್ದರ ಫಲವಾಗಿ. ಡೆಲ್ಫ್ಟ್‌ನ ಲೆಕ್ಕದಲ್ಲೂ ಹೀಗೆ ಹಿಂದಕ್ಕೆಳೆದಾಗ ಭುಜದ ಕೀಲಿನಲ್ಲಿ ಜಾರುವ ಬಲ ತಗ್ಗಿತ್ತು. ‘ಶಿಸ್ತಿನ’ ಹೆಸರಲ್ಲಿ ಬೆನ್ನು ಚಪ್ಪಟೆ ಮಾಡಿಸುವ ಟ್ರೈನರ್ ಭುಜದ ಕೆಳಗಿನ ನೆಲೆಯನ್ನೇ ಕಿತ್ತುಹಾಕುತ್ತಿದ್ದಾನೆ.

ಇಷ್ಟೆಲ್ಲ ಸರಿ ಮಾಡಿಕೊಂಡರೂ ಬಾರನ್ನು ಸ್ಟ್ಯಾಂಡಿನಿಂದ ತೆಗೆಯುವ ಒಂದು ಕ್ಷಣದಲ್ಲಿ ಎಲ್ಲ ಕೆಡುತ್ತದೆ. ನಮ್ಮ ಬಡಾವಣೆಯ ಜಿಮ್‌ಗಳ ಬೆಂಚುಗಳಲ್ಲಿ ಬಹಳಷ್ಟಕ್ಕೆ ಕೊಕ್ಕೆಗಳು ಬೆಸುಗೆ ಹಾಕಿದ ಒಂದೇ ಎತ್ತರದಲ್ಲಿರುತ್ತವೆ. ಗಿಡ್ಡ ಕೈಯವನು ಅಲ್ಲಿ ಮಲಗಿದರೆ ಬಾರ್ ಎಟುಕಿಸಿಕೊಳ್ಳಲು ಭುಜವನ್ನೇ ಮೇಲಕ್ಕೆ ಚಾಚಬೇಕು. ಚಾಚಿದ ಕ್ಷಣ, ಹಿಂದಕ್ಕೆಳೆದ ರೆಕ್ಕೆ ಮೂಳೆಗಳು ಬಿಟ್ಟುಹೋಗುತ್ತವೆ. ಬಾರ್ ಮೂಗಿನ ನೇರದಿಂದ ಎದೆಯ ನೇರಕ್ಕೆ ಬರುವಷ್ಟರಲ್ಲಿ ಭುಜ ಮುಂದಕ್ಕೆ ಉರುಳಿರುತ್ತದೆ, ಅವನು ಅದೇ ಸ್ಥಿತಿಯಲ್ಲಿ ಹತ್ತು ರೆಪ್ ಹೊಡೆಯುತ್ತಾನೆ. ಸಪೋರ್ಟ್ ಕೊಡುವವನ ನಿಜವಾದ ಕೆಲಸ ಇಲ್ಲಿದೆ: ಬಾರನ್ನು ಕೊಕ್ಕೆಯಿಂದ ಬಿಡಿಸಿ, ಭುಜದ ನೇರಕ್ಕೆ ತಂದು, ಕೈಗೆ ಒಪ್ಪಿಸಿ ಸರಿಯುವುದು. ನಾವು ನೋಡುವುದೇ ಬೇರೆ. “ಅಣ್ಣಾ, ಸ್ವಲ್ಪ ಸಪೋರ್ಟ್ ಕೊಡಿ” ಎಂದು ಕರೆದಾಗ ಬಂದ ಅಣ್ಣ ಬಾರಿನ ಮಧ್ಯಕ್ಕೆ ಎರಡೂ ಕೈ ಹಾಕಿ, “ಇನ್ನೊಂದು! ನಿಂದೇ, ನಿಂದೇ!” ಎನ್ನುತ್ತ ಅರ್ಧ ಭಾರವನ್ನು ತಾನೇ ಎಳೆಯುತ್ತಾನೆ. ಕೆಳಗಿರುವವನು 80 ಎತ್ತಿದೆ ಎಂದುಕೊಂಡು ಏಳುತ್ತಾನೆ. ಮೇಲೇರಿಸುವಾಗ ಅವನು ಎತ್ತಿದ್ದು 40, ಆದರೆ ಇಳಿಸುವಾಗ ಪೂರ್ತಿ 80 ಅವನ ಭುಜದ ಮೇಲೇ ಇತ್ತು. ಎದೆಯ ಸ್ನಾಯು ಹರಿಯುವ ಘಟನೆಗಳು ಹೆಚ್ಚಾಗಿ ಆಗುವುದು ಈ ಇಳಿಸುವ ಹಂತದಲ್ಲಿ, ಸ್ನಾಯು ಪೂರ್ತಿ ಚಾಚಿಕೊಂಡು ಭಾರ ತಡೆಯುತ್ತಿರುವಾಗ.

ಹಾಗಾದರೆ ಇದನ್ನೆಲ್ಲ ತಿದ್ದಿದರೆ ಭುಜ ಕ್ಷೇಮವೇ? ‘ಫಾರ್ಮ್ ಸರಿ ಇದ್ರೆ ಏನೂ ಆಗಲ್ಲ’ ಎನ್ನುವವರನ್ನು ಪ್ಯಾರಾ ಪವರ್‌ಲಿಫ್ಟಿಂಗ್ ಕಡೆ ನೋಡಲು ಕೇಳುತ್ತೇನೆ. ಕಾಲು ಸ್ವಾಧೀನವಿಲ್ಲದವರ ಆ ಕ್ರೀಡೆಯಲ್ಲಿ ಇರುವುದು ಬೆಂಚ್ ಪ್ರೆಸ್ ಒಂದೇ. ಕಾಲುಗಳನ್ನು ಬೆಂಚಿನ ಮೇಲೆಯೇ ಚಾಚಿ, ಪಟ್ಟಿಯಿಂದ ಬಿಗಿದು ಎತ್ತುತ್ತಾರೆ. ಇರಾನಿನ ಸಿಯಾಮಂದ್ ರಹಮಾನ್ 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 310 ಕೆಜಿ ಎತ್ತಿದ್ದು ಹೀಗೆ. ಅಥೆನ್ಸ್‌ನಲ್ಲಿ 2004ರಲ್ಲಿ ಪಂಜಾಬಿನ ರಾಜಿಂದರ್ ಸಿಂಗ್ ರಹೇಲು ಭಾರತಕ್ಕೆ ಕಂಚು ತಂದದ್ದು, ಬೆಂಗಳೂರಿನ ಫರ್ಮಾನ್ ಬಾಷಾ ಅರ್ಜುನ ಪ್ರಶಸ್ತಿಯವರೆಗೆ ಬೆಳೆದದ್ದು ಈ ಒಂದೇ ಎತ್ತುವಿಕೆಯಿಂದ. ಈ ಲಿಫ್ಟರ್‌ಗಳಿಗಿಂತ ಅಚ್ಚುಕಟ್ಟಾಗಿ ಬೆಂಚ್ ಮಾಡುವವರು ಭೂಮಿಯ ಮೇಲಿಲ್ಲ, ತೀರ್ಪುಗಾರರು ಒಂದು ಕೈ ತುಸು ಹಿಂದೆ ಬಿದ್ದರೂ ಕೆಂಪು ದೀಪ ಹಾಕುತ್ತಾರೆ. ಆದರೂ 2012ರ ಲಂಡನ್ ಪ್ಯಾರಾಲಿಂಪಿಕ್ಸ್ ವೇಳೆ ನಡೆದ ಗಾಯಗಳ ಅಧ್ಯಯನದಲ್ಲಿ ಪವರ್‌ಲಿಫ್ಟರ್‌ಗಳಿಗೆ ಹೆಚ್ಚು ಪೆಟ್ಟಾದ ಜಾಗ ಭುಜವೇ ಆಗಿತ್ತು. ಅವರಲ್ಲಿ ಎಷ್ಟೋ ಜನರ ಭುಜಕ್ಕೆ ಬೆಂಚ್ ಮುಗಿದ ಮೇಲೂ ಬಿಡುವಿಲ್ಲ. ಗಾಲಿಕುರ್ಚಿ ತಳ್ಳುವುದು, ಕುರ್ಚಿಯಿಂದ ಹಾಸಿಗೆಗೆ ಸರಿಯುವುದು, ಎಲ್ಲವೂ ಅದೇ ಕೀಲಿನ ದುಡಿಮೆ. ಫಾರ್ಮ್ ಪರಿಪೂರ್ಣವಿದ್ದರೂ ಒಟ್ಟು ದುಡಿಮೆ ಮಿತಿ ದಾಟಿದರೆ ಭುಜ ನೋಯುತ್ತದೆ.

ಒಟ್ಟು ದುಡಿಮೆಯ ಈ ಲೆಕ್ಕವನ್ನು ನಮ್ಮ ಜಿಮ್‌ಗಳು ಇಡುವುದೇ ಇಲ್ಲ. ಸೋಮವಾರ ಎದೆಯ ದಿನ. ಫ್ಲಾಟ್, ಇನ್‌ಕ್ಲೈನ್, ಡಿಕ್ಲೈನ್, ಫ್ಲೈ, ಡಿಪ್ಸ್, ಕೊನೆಗೆ ಪೆಕ್ ಡೆಕ್, ಇಷ್ಟೂ ಒಂದೇ ಸಂಜೆ, ಒಂದೇ ಕೀಲಿನ ಮೇಲೆ. ಮರುದಿನವೋ ಅದರ ಮರುದಿನವೋ ಶೋಲ್ಡರ್ ಪ್ರೆಸ್. ಭಾನುವಾರ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್, ಬೌಂಡರಿಯಿಂದ ಕೀಪರ್‌ಗೆ ಎಸೆತ. ಭುಜ ನೋಯತೊಡಗಿದಾಗ ಬೈಗುಳ ತಿನ್ನುವುದು ಬೆಂಚ್ ಒಂದೇ. ಅದೇ ಎದೆಯ ಕೆಲಸವನ್ನು ವಾರದಲ್ಲಿ ಎರಡು ದಿನಕ್ಕೆ ಹಂಚಿ, ಪ್ರತಿ ಸೆಟ್‌ನಲ್ಲೂ ಒಂದೆರಡು ರೆಪ್ ಕೈಯಲ್ಲಿ ಉಳಿಸಿಕೊಂಡು ನಿಲ್ಲಿಸಿದರೆ ಎದೆಗೆ ನಷ್ಟವಿಲ್ಲ, ಭುಜಕ್ಕೆ ಉಸಿರು ಸಿಗುತ್ತದೆ.

ನೋವು ಬಂದಾಗ ಏನು ಮಾಡಬೇಕು? ಪೂರ್ತಿ ವಿಶ್ರಾಂತಿ ಎನ್ನುವುದು ಸುಲಭದ ಉತ್ತರ. ತಿಂಗಳುಗಟ್ಟಲೆ ಬಿಟ್ಟ ರಜ್ಜು ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಹುಡುಗ ನೋವು ಮಾಯವಾಯಿತೆಂದು ಹಳೆಯ ಭಾರಕ್ಕೇ ಮರಳುತ್ತಾನೆ, ನೋವೂ ಮರಳುತ್ತದೆ. ಅದರ ಬದಲು ಹಿಡಿತವನ್ನು ಒಂದು ಬೆರಳು ಒಳಗೆ ತನ್ನಿ. ಭಾರ ಇಳಿಸಿ, ನಿಧಾನವಾಗಿ ಮಾಡಿ. ತಳದಲ್ಲಿ ಮಾತ್ರ ನೋವಿದ್ದರೆ ನೆಲದ ಮೇಲೆ ಮಲಗಿ ಪ್ರೆಸ್ ಮಾಡಿ, ಮೊಣಕೈ ನೆಲಕ್ಕೆ ತಾಗಿ ತಾನೇ ನಿಲ್ಲುತ್ತದೆ. ಡಂಬೆಲ್ ಹಿಡಿದು ಅಂಗೈಗಳು ಒಂದಕ್ಕೊಂದು ಎದುರಾಗುವಂತೆ ಒತ್ತಿದರೆ ಹಲವರಿಗೆ ಅದೇ ದಿನ ಹಗುರವೆನಿಸುತ್ತದೆ. ಗರಡಿಮನೆಯ ದಂಡವನ್ನೂ ಇಲ್ಲಿ ನೆನೆಯಬೇಕು. ದಂಡ ಹೊಡೆಯುವಾಗ ಅಂಗೈ ನೆಲದ ಮೇಲೆ ಊರಿರುತ್ತದೆ, ಬೆನ್ನಿನ ಮೇಲೆ ಏನೂ ಒತ್ತಿರುವುದಿಲ್ಲ, ರೆಕ್ಕೆ ಮೂಳೆಗಳು ಪಕ್ಕೆಯ ಸುತ್ತ ಸ್ವತಂತ್ರವಾಗಿ ಜಾರುತ್ತವೆ. ಬೆಂಚಿನ ಮೇಲೆ ಅವಕ್ಕೆ ಆ ಸ್ವಾತಂತ್ರ್ಯವಿಲ್ಲ. ಹಾಗಾಗಿ ಬೆಂಚ್ ಮಾಡುವವನಿಗೆ ದಂಡವೂ ಬೇಕು, ಬೆನ್ನಿನ ಎಳೆತದ ವ್ಯಾಯಾಮವೂ ಬೇಕು. ಮಾಡುವಾಗ ತುಸು ನೋವಿದ್ದು ಮರುದಿನ ಬೆಳಿಗ್ಗೆಗೆ ಮೊದಲಿನಂತೆಯೇ ಇದ್ದರೆ ಮುಂದುವರಿಸಬಹುದು. ಬೆಳಿಗ್ಗೆ ಹೆಚ್ಚಾಗಿದ್ದರೆ ಭಾರ ಇನ್ನೂ ಇಳಿಯಬೇಕು.

ನಿಲ್ಲಿಸಲೇಬೇಕಾದ ಸಂದರ್ಭಗಳೂ ಇವೆ, ಅವುಗಳಲ್ಲಿ ರಾಜಿ ಬೇಡ. ಹೆಗಲ ತುದಿಯ ಗಂಟಿನ ಮೇಲೆಯೇ ಬೆರಳಿಟ್ಟು ತೋರಿಸುವಂಥ ನೋವು ವಾರಗಟ್ಟಲೆ ಉಳಿದರೆ ಅದು ಕೊರಳೆಲುಬಿನ ತುದಿಯದ್ದಿರಬಹುದು, ಆಗ ಬೆಂಚ್ ಬಿಡಿ ಎನ್ನುವ ವೈದ್ಯರ ಮಾತೇ ಸರಿ. ಭುಜ ಜಾರಿದ ಅನುಭವ, ತೋಳೆತ್ತಲು ಶಕ್ತಿಯೇ ಇಲ್ಲದಿರುವುದು, ನಿದ್ದೆಗೆಡಿಸುವ ರಾತ್ರಿ ನೋವು, ಇವಕ್ಕೆ ಜಿಮ್ಮಿನಲ್ಲಿ ಮದ್ದಿಲ್ಲ. ಬಾರ್ ಇಳಿಸುವಾಗ ಬಟ್ಟೆ ಹರಿದಂತೆ ಸದ್ದಾಗಿ ಕಂಕುಳ ಬಳಿ ಕಪ್ಪುಗಟ್ಟಿದರೆ ಅದೇ ದಿನ ಮೂಳೆ ವೈದ್ಯರ ಬಳಿ ಹೋಗಬೇಕು. ಹರಿದ ಎದೆಸ್ನಾಯುವನ್ನು ಮೊದಲ ಕೆಲವು ವಾರಗಳಲ್ಲಿ ಹೊಲಿದಷ್ಟು ಚೆನ್ನಾಗಿ ಆಮೇಲೆ ಹೊಲಿಯಲಾಗುವುದಿಲ್ಲ.

ಇನ್ನು ಕುತ್ತಿಗೆ. ಹೆಬ್ಬೆರಳನ್ನು ಸುತ್ತದೆ ಬಾರನ್ನು ಅಂಗೈ ಮೇಲೆ ಕೂರಿಸಿಕೊಳ್ಳುವ ಹಿಡಿತ ಭುಜಕ್ಕೆ ಹಿತ ಎಂದು ಹೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರ ಸ್ಟಫಾನ್ ಜಾನ್ಸನ್ ಕೈಯಿಂದ 2009ರಲ್ಲಿ ಬಾರ್ ಜಾರಿ ಗಂಟಲ ಮೇಲೆ ಬಿತ್ತು. ಪಕ್ಕದಲ್ಲಿ ಜನರಿದ್ದರು, ಅವರು ಬದುಕುಳಿದದ್ದು ಗಂಟಲಿನ ಶಸ್ತ್ರಚಿಕಿತ್ಸೆಯಿಂದ. ಮನೆಯಲ್ಲಿ ಒಬ್ಬರೇ ಮಾಡುವವರು ಎರಡೂ ಕಡೆ ತಡೆಸರಳು ಇರುವ ಸ್ಟ್ಯಾಂಡಿನಲ್ಲಿ ಮಾತ್ರ ಮಾಡಬೇಕು. ಅದಿಲ್ಲದಿದ್ದರೆ ಡಂಬೆಲ್ ಸಾಕು.

ಜಿಮ್ ಮಾಲೀಕರಿಗೆ ಒಂದು ನೇರ ಬೇಡಿಕೆಯಿದೆ. ನಮ್ಮಲ್ಲಿ ಎಷ್ಟೋ ಜಿಮ್‌ಗಳಲ್ಲಿ ಅತಿ ಚಿಕ್ಕ ಪ್ಲೇಟ್ 2.5 ಕೆಜಿಯದು. ಎರಡು ಕಡೆ ಸೇರಿಸಿದರೆ ಒಂದೇ ಜಿಗಿತಕ್ಕೆ 5 ಕೆಜಿ. 100 ಎತ್ತುವವನಿಗೆ ಅದು ನೂರಕ್ಕೆ ಐದು, 40 ಎತ್ತುವವನಿಗೆ ನೂರಕ್ಕೆ ಹನ್ನೆರಡೂವರೆ. ಹೊಸಬರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹೀಗೆ ಮೆಟ್ಟಿಲು ಹಾರಲು ಒತ್ತಾಯಿಸಿ ಆಮೇಲೆ ಅವರ ಫಾರ್ಮ್ ಕೆಟ್ಟಿತು ಎಂದು ಬೈಯುವುದು ತಪ್ಪು. 1.25 ಕೆಜಿಯ ಎರಡು ಜೊತೆ ಪ್ಲೇಟ್‌ಗಳ ಬೆಲೆ ಗೋಡೆಗೆ ಹಾಕಿಸುವ ಒಂದು ಕನ್ನಡಿಗಿಂತ ಕಡಿಮೆ. ಮುಂದಿನ ಕನ್ನಡಿಗೆ ಮೊದಲು ಅವನ್ನು ತರಿಸಿ, ಬೆಂಚಿನ ಪಕ್ಕದಲ್ಲೇ ಇಡಿ.